ನೋಯದ ಕಾಲು

ಕಾಲು ನೊಂದರೆ ವೈದ್ಯರ ಬಳಿಗೆ ಹೋಗುತ್ತೇವೆ, ನೋಯದಿದ್ದರೆ ಸುಮ್ಮನಿರುತ್ತೇವೆ. ಮಧುಮೇಹವುಳ್ಳವರಲ್ಲಿ ಈ ಲೆಕ್ಕ ತಲೆಕೆಳಗಾಗುವುದುಂಟು. ನನ್ನ ಸೋದರಮಾವನವರು ಒಂದು ಸಂಜೆ ಜೋಡು ಕಳಚಿದಾಗ ಒಳಗೊಂದು ಮೊಳೆ ಎದ್ದು ನಿಂತಿದ್ದಿತು; ಅಂಗಾಲೆಲ್ಲ ರಕ್ತ. ಬೆಳಗಿನಿಂದ ಅದರ ಮೇಲೆಯೇ ನಡೆದಿದ್ದರು. ಅವರಿಗೆ ತಿಳಿದೇ ಇರಲಿಲ್ಲ.

ರಕ್ತದಲ್ಲಿ ಸಕ್ಕರೆಯು ಬಹುಕಾಲ ಹೆಚ್ಚಾಗಿದ್ದರೆ ನರಗಳು ಕೆಡುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುವು ಬಹು ಉದ್ದವಾದ, ಎಂದರೆ ಪಾದವನ್ನು ಮುಟ್ಟುವ ನರಗಳು. ಕುಷ್ಠರೋಗದಲ್ಲಿಯೂ ನರಗಳಿಗೆ ಇಂಥದೇ ಹಾನಿಯುಂಟು. 1946ರಲ್ಲಿ ವೇಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಅಲ್ಲಿ ಕಂಡುಕೊಂಡುದೇನೆಂದರೆ, ಆ ರೋಗಿಗಳ ಬೆರಳುಗಳು ತಾವಾಗಿಯೇ ಉದುರುವುದಿಲ್ಲ. ನೋವಿಲ್ಲದುದರಿಂದ ಲಕ್ಷ್ಯಕ್ಕೆ ಬಾರದ ಗಾಯಗಳೇ ಅವನ್ನು ಸವೆಸುತ್ತವೆ. ಈ ತಿಳಿವಳಿಕೆಯನ್ನು ಅವರು ಮುಂದೆ ಅಮೆರಿಕದಲ್ಲಿ ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು.

ಇದರೊಡನೆ ರಕ್ತನಾಳಗಳು ಕಿರಿದಾಗಿದ್ದರೆ, ಗಾಯ ಮಾಯಲು ಬೇಕಾದ ರಕ್ತ ಅಲ್ಲಿಗೆ ಸಾಲದೆ ಹೋಗುತ್ತದೆ. ಸಿಗರೇಟು ಸೇದುವವರು ಈ ಕೇಡನ್ನು ಕಾಸು ಕೊಟ್ಟು ಕೊಳ್ಳುತ್ತಾರೆಂದೇ ಹೇಳಬೇಕು. ಮೂತ್ರಪಿಂಡದ ರೋಗ, ಹಿಂದೊಮ್ಮೆ ಆಗಿ ಮಾಯ್ದ ಹುಣ್ಣು, ಇವೂ ಅಪಾಯವನ್ನು ಹೆಚ್ಚಿಸುತ್ತವೆ.

ಪರೀಕ್ಷೆ ಸುಲಭ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ವೈದ್ಯರು ಅಂಗಾಲಿಗೆ ಮುಟ್ಟಿಸುತ್ತಾರೆ. ಕಣ್ಣು ಮುಚ್ಚಿ ಕುಳಿತವರಿಗೆ ಅದು ತಿಳಿಯದಿದ್ದರೆ ಆ ಕಾಲಿಗೆ ಕಾವಲು ಬೇಕು. ಅಂಥವರು ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ದೇವರಿಗೆ ಪ್ರದಕ್ಷಿಣೆ ಬರಲಾಗದು, ಮುಂಜಾನೆಯೇ ಹೋದರಾಯಿತು. ಸ್ನಾನದ ನೀರಿನ ಬಿಸಿಯನ್ನು ಮೊಳಕೈಯಿಂದ ನೋಡತಕ್ಕದ್ದು. ನನ್ನ ಸೋದರಮಾವನವರು ಈಗ ಜೋಡನ್ನು ಕೊಡವಿ, ಒಳಗೆ ಕೈಯಾಡಿಸಿ ಮೆಟ್ಟುತ್ತಾರೆ. ರಾತ್ರಿ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳುತ್ತಾರೆ.