ಸಣ್ಣ ರಸ್ತೆಗೆ ಸಣ್ಣ ಬಸ್ಸು: ಐರ್ಲೆಂಡಿನ ಪಶ್ಚಿಮ ಕರಾವಳಿಯ ದಾರಿ

ಡಬ್ಲಿನ್‌ನಿಂದ ಗಾಲ್ವೇವರೆಗೆ ಹೆದ್ದಾರಿ. ಎರಡೂವರೆ ಗಂಟೆಯಲ್ಲಿ ದ್ವೀಪದ ಈ ಅಂಚಿನಿಂದ ಆ ಅಂಚಿಗೆ ಬಂದುಬಿಡಬಹುದು. ಗಾಲ್ವೇ ದಾಟಿದ ಮೇಲೆ ರಸ್ತೆಯ ಸ್ವಭಾವವೇ ಬೇರೆ. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಇಲ್ಲವೇ ಕಿಟಕಿಗೆ ತಾಗಿಕೊಂಡೇ ಸಾಗುವ ಹೂಬಿಟ್ಟ ಬೇಲಿ. ಕೆಲವು ಕಡೆ ಡಾಂಬರಿನ ನಟ್ಟನಡುವೆ ಹುಲ್ಲು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿದು, ಗೋಡೆ ಸ್ವಲ್ಪ ಒಳಗೆ ಹೋದ ಜಾಗದಲ್ಲಿ ನಿಂತು ದಾರಿ ಬಿಡಬೇಕು. ದಾಟಿ ಹೋಗುವವರು ಸ್ಟಿಯರಿಂಗ್ ಹಿಡಿದ ಕೈಯಿಂದಲೇ ತೋರುಬೆರಳೊಂದನ್ನು ಎತ್ತುತ್ತಾರೆ. ನಮಸ್ಕಾರಕ್ಕೂ ಅದೇ, ಉಪಕಾರ ನೆನೆಯುವುದಕ್ಕೂ ಅದೇ. ಗುರುತು ಪರಿಚಯ ಇರಬೇಕೆಂದೇನೂ ಇಲ್ಲ.

ಇಂಥ ರಸ್ತೆಗಳಲ್ಲಿ ಐವತ್ತು ಸೀಟಿನ ಬಸ್ಸು ತಿರುಗುವುದೇ ಕಷ್ಟ. ಕೆರ್ರಿ ಜಿಲ್ಲೆಯಲ್ಲಿ ಪರ್ಯಾಯದ್ವೀಪವೊಂದನ್ನು ಸುತ್ತಿಬರುವ 179 ಕಿ.ಮೀ. ಉದ್ದದ 'ರಿಂಗ್ ಆಫ್ ಕೆರ್ರಿ'ಯಲ್ಲಿ ದೊಡ್ಡ ಬಸ್ಸುಗಳೆಲ್ಲ ಒಂದೇ ದಿಕ್ಕಿನಲ್ಲಿ, ಅಪ್ರದಕ್ಷಿಣವಾಗಿ ಹೋಗುವ ರೂಢಿ ಬೆಳೆದಿರುವುದು ಇದಕ್ಕೇ: ಎರಡು ಬಸ್ಸು ಎದುರುಬದುರಾದರೆ ಇಬ್ಬರಿಗೂ ದಾರಿಯಿಲ್ಲ. ಹಾಗಾಗಿ ಐರ್ಲೆಂಡಿನಲ್ಲಿ ಸಣ್ಣ ಗುಂಪಿನ ಬಸ್ ಪ್ರವಾಸ ಎಂಬುದೊಂದು ಪ್ರತ್ಯೇಕ ಕಸುಬಾಗಿಯೇ ಬೆಳೆದಿದೆ. ಬಹುಪಾಲು ಬಸ್ಸುಗಳಲ್ಲಿ ಹದಿನಾರೇ ಸೀಟು. ಯುರೋಪಿನ ಚಾಲನಾ ಪರವಾನಗಿಯಲ್ಲಿ 'ಡಿ1' ಎಂಬ ವರ್ಗವಿದೆ. ಚಾಲಕರನ್ನು ಬಿಟ್ಟು ಹದಿನಾರು ಪ್ರಯಾಣಿಕರು, ಹೆಚ್ಚೆಂದರೆ 8 ಮೀಟರ್ ಉದ್ದದ ಗಾಡಿ ಅದರ ಮಿತಿ. ಆ ಎಂಟು ಮೀಟರ್ ಈ ಹಳೆಯ ರಸ್ತೆಗಳಿಗೆ ಹೊಂದುತ್ತದೆ. ಆದರೂ ಎಲ್ಲ ಕಡೆಗೂ ಪ್ರವೇಶವಿಲ್ಲ. ಅದೇ ಕೆರ್ರಿಯ ಡಿಂಗಲ್‌ನ ಬೆಟ್ಟದ ದಾರಿ ಕಾನರ್ ಪಾಸ್‌ನಲ್ಲಿ 2 ಟನ್ ಮೀರಿದ ವಾಹನಗಳನ್ನು ಬಿಡುವುದಿಲ್ಲ. ಅಲ್ಲಿ ಸಣ್ಣ ಬಸ್ಸೂ ಸುತ್ತುದಾರಿ ಹಿಡಿಯಬೇಕು.

ಈ ಕಸುಬಿಗೆ ಇನ್ನೂರು ವರ್ಷದ ಹಿನ್ನೆಲೆಯಿದೆ, ಅದಕ್ಕೆ ಅಡಿಪಾಯ ಹಾಕಿದವರು ಹೊರಗಿನವರು. ಇಟಲಿಯ ಕೋಮೊ ಸರೋವರದ ಕಡೆಯ ಹುಡುಗ ಚಾರ್ಲ್ಸ್ ಬಿಯಾಂಕೋನಿ 1802ರಲ್ಲಿ ಡಬ್ಲಿನ್‌ಗೆ ಬಂದು, ಬೆನ್ನಿಗೆ ಗಂಟು ಕಟ್ಟಿಕೊಂಡು ಊರೂರು ನಡೆದು ಚಿತ್ರಪಟ ಮಾರುತ್ತಿದ್ದ. ಬಡವರು ಹೋಗಿಬರಲು ತಮ್ಮ ಕಾಲನ್ನೇ ನಂಬಬೇಕಾಗಿದ್ದ ಕಾಲ ಅದು. ಆ ಹೊರೆ, ಆ ನಡಿಗೆ ಅವನಿಗೆ ಮರೆಯಲಿಲ್ಲ. ವಾಟರ್ಲೂ ಯುದ್ಧ ಮುಗಿದು ಸೇನೆಯ ಕುದುರೆಗಳು ಅಗ್ಗವಾದವು. ಸ್ವಂತ ಗಾಡಿಗೆ ತೆರಿಗೆ ಬಿದ್ದಿದ್ದರಿಂದ ಜನ ತಮ್ಮ ಗಾಡಿಗಳನ್ನೂ ಮಾರುತ್ತಿದ್ದರು. 1815ರ ಜುಲೈ 6ರಂದು ಕ್ಲಾನ್ಮೆಲ್‌ನಿಂದ ಕೇರ್ ಪಟ್ಟಣಕ್ಕೆ ಅವನ ಮೊದಲ ಗಾಡಿ ಹೊರಟಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಅವನ ಲಾಯಗಳಲ್ಲಿ ಸಾವಿರಕ್ಕೂ ಹೆಚ್ಚು ಕುದುರೆಗಳಿದ್ದವು. ರೈಲು ಬಂದಾಗ ಅದರೊಡನೆ ಜಗಳಕ್ಕೆ ನಿಲ್ಲದೆ, ರೈಲು ಮುಟ್ಟದ ಊರುಗಳ ಕಡೆಗೆ ಗಾಡಿಗಳನ್ನು ತಿರುಗಿಸಿದ. ಪ್ರವಾಸಿಗರು ಬಂದದ್ದು ಆಮೇಲೆ. 1861ರಲ್ಲಿ ವಿಕ್ಟೋರಿಯಾ ರಾಣಿ ಕಿಲಾರ್ನಿಗೆ ಬಂದಾಗ ಅವಳ ಪರಿವಾರದ ಹೆಂಗಸರು ನಿಂತು ನೋಡಿದ ತಿರುವಿಗೆ ಇಂದಿಗೂ 'ಲೇಡೀಸ್ ವ್ಯೂ' ಎಂದೇ ಹೆಸರು. ಎಲ್ಲ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ.

ಇಂದಿನ ಸಣ್ಣ ಬಸ್ಸಿನ ಜೀವಾಳ ಅದರ ಚಾಲಕ. ಬಸ್ಸು ಓಡಿಸುವವರೂ ಅವರೇ, ಕಥೆ ಹೇಳುವವರೂ ಅವರೇ; ಕಿವಿಯ ಪಕ್ಕ ಒಂದು ಸಣ್ಣ ಮೈಕು, ಕಣ್ಣು ರಸ್ತೆಯ ಮೇಲೆ. ಲಗೇಜು ಇಳಿಸುವುದು, ಮೊಣಕಾಲು ನೋವಿನವರಿಗೆ ಮುಂದಿನ ಸೀಟು ಕೊಡುವುದು, ಮಳೆ ಬಂದರೆ ಮಧ್ಯಾಹ್ನದ ಊರನ್ನು ಬೆಳಿಗ್ಗೆಗೆ ತರುವುದು ಎಲ್ಲವೂ ಅವರ ಹೊಣೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ವಿಶ್ರಾಂತಿ ಪಡೆಯಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಹೆಚ್ಚು ಓಡಿಸಬಾರದು ಎಂದು ಐರೋಪ್ಯ ಒಕ್ಕೂಟದ ನಿಯಮವಿದೆ. ಗಾಡಿಯೊಳಗಿನ ಯಂತ್ರ ಅದನ್ನು ದಾಖಲಿಸುತ್ತಲೇ ಇರುತ್ತದೆ. ಚಹಾಕ್ಕೆ ನಿಲ್ಲಿಸಿದ್ದು ಅತಿಯಾಯಿತು ಎಂದು ಗೊಣಗುವವರು ಇದನ್ನು ತಿಳಿದಿರಬೇಕು. ಆ ಮುಕ್ಕಾಲು ಗಂಟೆಯಲ್ಲಿ ಬಿಸಿ ಸ್ಕೋನ್ ಮೇಲೆ ಬೆಣ್ಣೆ, ಜಾಮು ಸವರಿಕೊಂಡು ತಿಂದರೆ ಗೊಣಗಾಟ ತಾನಾಗಿ ನಿಲ್ಲುತ್ತದೆ.

ಚಾಲಕರ ಮಾತಿಗೆ ನಾನು ಇಷ್ಟು ತೂಕ ಕೊಡುವುದಕ್ಕೆ ಕಾರಣವಿದೆ. ಪಶ್ಚಿಮ ಐರ್ಲೆಂಡನ್ನು ಬರೀ ಕಣ್ಣಿನಿಂದ ನೋಡಿದರೆ ಮನುಷ್ಯರ ಕೈ ಸೋಕದ ನೆಲದಂತೆ ಕಾಣುತ್ತದೆ. ಬೆಟ್ಟ, ಕಡಲು, ಕುರಿ, ಮೋಡ, ಅಲ್ಲೊಂದು ಇಲ್ಲೊಂದು ಬಿಳಿ ಮನೆ. ಕಡಲಂಚಿನ 2,500 ಕಿ.ಮೀ. ದಾರಿಗೆ 2014ರಲ್ಲಿ ಇಟ್ಟ 'ವೈಲ್ಡ್ ಅಟ್ಲಾಂಟಿಕ್ ವೇ' ಎಂಬ ಹೆಸರೂ ಆ ಭಾವನೆಯನ್ನೇ ಬಲಪಡಿಸುತ್ತದೆ. ನಿಜದಲ್ಲಿ ಇದು ಜನ ತುಂಬಿ ತುಳುಕುತ್ತಿದ್ದ ನೆಲ. ಅದನ್ನು ಬೆರಳಿಟ್ಟು ತೋರಿಸಲು ಅಲ್ಲಿಯವರೊಬ್ಬರು ಬೇಕು.

ಕ್ಲೇರ್ ಜಿಲ್ಲೆಯ ಬರ್ರೆನ್‌ನಿಂದ ಶುರುಮಾಡೋಣ. ಬೂದುಬಣ್ಣದ ಸುಣ್ಣಕಲ್ಲಿನ ಗುಡ್ಡಗಳು, ಚಪ್ಪಡಿ ಹಾಸಿದ ಹಾಗೆ. ಮೂವತ್ತು ಕೋಟಿ ವರ್ಷಕ್ಕೂ ಹಿಂದೆ ಬೆಚ್ಚನೆಯ ಕಡಲ ತಳದಲ್ಲಿ ಕೂಡಿದ ಕಲ್ಲು ಇದು. ಮೇಲಿನ ಮಣ್ಣು ಸವೆದು, ಮಳೆನೀರು ಕೊರೆದು ಸೀಳುಗಳಾಗಿವೆ. ದೂರದಿಂದ ಏನೂ ಬೆಳೆಯದ ಜಾಗ. ಬಸ್ಸಿಳಿದು ಬಗ್ಗಿ ನೋಡಿದರೆ ಸೀಳುಗಳ ಒಳಗೆ ಜರೀಗಿಡ, ಅಂಚಿನಲ್ಲಿ ಕಡುನೀಲಿ ಜೆನ್ಷನ್ ಹೂವು. ಆಲ್ಪ್ಸ್‌ನ ಎತ್ತರದಲ್ಲಿ, ಧ್ರುವದ ಕಡೆಯ ಚಳಿಯಲ್ಲಿ ಬೆಳೆಯುವ ಗಿಡಗಳೂ ಮೆಡಿಟರೇನಿಯನ್ ಕಡೆಯ ಆರ್ಕಿಡ್‌ಗಳೂ ಇಲ್ಲಿ ಒಟ್ಟಿಗೇ ಹೂಬಿಡುತ್ತವೆ.

ಇದಕ್ಕೆ ದನಗಳ ಉಪಕಾರ ದೊಡ್ಡದು. ಬೇರೆಲ್ಲ ಕಡೆ ದನಗಳನ್ನು ಬೇಸಿಗೆಯಲ್ಲಿ ಬೆಟ್ಟಕ್ಕೆ ಹೊಡೆದು ಚಳಿಗಾಲದಲ್ಲಿ ಕೆಳಗಿಳಿಸುತ್ತಾರೆ. ಬರ್ರೆನ್ ರೈತರದು ತದ್ವಿರುದ್ಧ: ಅಕ್ಟೋಬರ್‌ನಲ್ಲಿ ದನ ಗುಡ್ಡ ಹತ್ತುತ್ತವೆ, ವಸಂತದಲ್ಲಿ ಇಳಿಯುತ್ತವೆ. ಸುಣ್ಣಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ನಿಲ್ಲುವುದಿಲ್ಲ, ಹಾಗಾಗಿ ಚಳಿಗಾಲದಲ್ಲೂ ದನ ಮಲಗಲು ಒಣ ನೆಲ ಸಿಗುತ್ತದೆ. ದನ ಒರಟು ಹುಲ್ಲನ್ನೆಲ್ಲ ಮೇದು ಮುಗಿಸುವುದರಿಂದ ಮೇ ತಿಂಗಳಲ್ಲಿ ಹೂಗಳಿಗೆ ಬೆಳಕು. ಮೇಯಿಸುವುದು ಕಡಿಮೆಯಾದ ಕಡೆ ಹೇಜಲ್ ಪೊದೆ ನುಗ್ಗಿ ಹೂವನ್ನು ಮುಚ್ಚಿಹಾಕಿತು. 2005ರಲ್ಲಿ ಶುರುವಾದ ಯೋಜನೆಯೊಂದು ರೈತರನ್ನೇ ಜೊತೆಗಿಟ್ಟುಕೊಂಡು ಈ ಪದ್ಧತಿಗೆ ಮತ್ತೆ ಬಲ ಕೊಟ್ಟಿತು. ಕಲ್ಲುಗುಡ್ಡದಲ್ಲಿ ದನ ಕಂಡು ಅಯ್ಯೋ ಪಾಪ ಎನ್ನುವ ಪ್ರವಾಸಿಗೆ ಇದನ್ನು ಹೇಳುವವರಿಲ್ಲದಿದ್ದರೆ ಬರ್ರೆನ್ ಅರ್ಧಕ್ಕರ್ಧ ಕಾಣದೇ ಉಳಿಯುತ್ತದೆ.

ಅಲ್ಲೇ ಪೌಲ್ನಬ್ರೋನ್ ಕಲ್ಲುಗೋರಿ ಇದೆ. ನೆಟ್ಟ ಕಲ್ಲುಗಳ ಮೇಲೆ ಓರೆಯಾಗಿ ಕುಳಿತ ತೆಳು ಚಪ್ಪಡಿ. ಆಧಾರದ ಕಲ್ಲೊಂದು ಬಿರುಕುಬಿಟ್ಟಿದ್ದರಿಂದ 1986ರಲ್ಲಿ ದುರಸ್ತಿಗೆ ಮುನ್ನ ಉತ್ಖನನ ನಡೆಯಿತು. ಮೂವತ್ತಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಐದು ಸಾವಿರ ವರ್ಷಕ್ಕೂ ಹಿಂದಿನವು, ನೂರಾರು ವರ್ಷಗಳ ಅವಧಿಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ಇಟ್ಟದ್ದು. ಕುತ್ತಿಗೆ, ಹೆಗಲಿನ ಮೂಳೆಗಳಲ್ಲಿ ಭಾರ ಹೊತ್ತು ಸವೆದ ಗುರುತು. ಒಬ್ಬರ ಸೊಂಟದ ಮೂಳೆಯಲ್ಲಿ ಮುರಿದುಳಿದ ಕಲ್ಲಿನ ಬಾಣದ ಮೊನೆ. ಕೃಷಿ ಈ ದ್ವೀಪಕ್ಕೆ ಕಾಲಿಟ್ಟ ಆರಂಭದ ದಿನಗಳ ಬದುಕು ಎಷ್ಟು ಕಠಿಣವಾಗಿತ್ತೆಂದು ಆ ಮೂಳೆಗಳಿಂದ ತಿಳಿಯುತ್ತದೆ.

ಮೋಹರ್ ಕಡಲಬಂಡೆಗಳು ಇಲ್ಲಿಂದ ಹತ್ತಿರ. ಅತಿ ಎತ್ತರದಲ್ಲಿ 214 ಮೀಟರ್, ನೇರ ಅಟ್ಲಾಂಟಿಕ್‌ಗೆ ಇಳಿದ ಗೋಡೆ. ಭವ್ಯವಾಗಿದೆ, ನೋಡಲೇಬೇಕು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೊತ್ತಿಗೆ ಕರೆದೊಯ್ಯುವ ಪ್ರವಾಸವಾದರೆ ಒಳ್ಳೆಯದು. ನಡುಹಗಲಿನಲ್ಲಿ ಕಡಲಿಗಿಂತ ಜನವೇ ಹೆಚ್ಚು.

ಡಿಂಗಲ್ ಪರ್ಯಾಯದ್ವೀಪದ ಗ್ಯಾಲರಸ್ ಪ್ರಾರ್ಥನಾಗೃಹದ ಮುಂದೆ ಮಾತ್ರ ನಿಧಾನವಾಗಿ ನಿಲ್ಲಬೇಕು. ಬೋರಲು ಹಾಕಿದ ದೋಣಿಯ ಆಕಾರ. ಗಾರೆಯಿಲ್ಲ, ಮರವಿಲ್ಲ, ಒಂದರ ಮೇಲೊಂದು ಸ್ವಲ್ಪಸ್ವಲ್ಪವೇ ಒಳಚಾಚಿದ ಕಲ್ಲುಗಳು ಮೇಲೆ ಕೂಡಿಕೊಂಡಿವೆ. ಮಳೆನೀರು ಒಳಗಿಳಿಯದೆ ಜಾರಿಹೋಗಲೆಂದು ಕಲ್ಲುಗಳನ್ನು ಹೊರಕ್ಕೆ ತುಸು ವಾಲಿಸಿ ಕೂರಿಸಿದ್ದಾರೆ. ಕಟ್ಟಿದ ಕಾಲದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಏಳರಿಂದ ಹನ್ನೆರಡನೆಯ ಶತಮಾನದವರೆಗೂ ಹೇಳುತ್ತಾರೆ. ಒಳಗೆ ಹದಿನೈದಿಪ್ಪತ್ತು ಜನ ನಿಂತರೆ ತುಂಬಿಹೋಗುತ್ತದೆ. ಸಣ್ಣ ಗುಂಪಿನ ಬೆಲೆ ಇಲ್ಲಿ ಗೊತ್ತಾಗುತ್ತದೆ: ಎಲ್ಲರೂ ಒಟ್ಟಿಗೆ ಒಳಗೆ ನಿಂತು, ಪೂರ್ವದ ಪುಟ್ಟ ಕಿಟಕಿಯ ಬೆಳಕಿನಲ್ಲಿ ಕಲ್ಲಿನ ಜೋಡಣೆಯನ್ನು ನೋಡಬಹುದು.

ಇದು ಐರಿಷ್ ಮಾತನಾಡುವ ಪ್ರದೇಶ. ಊರಿನ ಫಲಕಗಳೂ ಆ ಭಾಷೆಯಲ್ಲೇ. ಪಶ್ಚಿಮದ ತುದಿಯಿಂದ ಎದುರಿಗೆ ಕಾಣುವುದು ಗ್ರೇಟ್ ಬ್ಲಾಸ್ಕೆಟ್ ದ್ವೀಪ. ಒಂದು ಕಾಲಕ್ಕೆ ನೂರೈವತ್ತಕ್ಕೂ ಹೆಚ್ಚು ಜನರಿದ್ದ ಊರು. ಮೀನು ಹಿಡಿದು, ಆಲೂಗಡ್ಡೆ ಬೆಳೆದು ಬದುಕಿದ ಆ ಜನ ಸಾಹಿತ್ಯಕ್ಕೆ ಕೊಟ್ಟದ್ದು ಅಪಾರ. ಟೊಮಾಸ್ ಓ ಕ್ರೋಹನ್ ಬರೆದ ಆತ್ಮಕಥೆ 1929ರಲ್ಲಿ, ಪೆಗ್ ಸೇಯರ್ಸ್ ಹೇಳಿ ಮಗನಿಂದ ಬರೆಸಿದ ಬದುಕಿನ ಕಥೆ 1936ರಲ್ಲಿ ಪ್ರಕಟವಾದವು. 1946-47ರ ಚಳಿಗಾಲದಲ್ಲಿ ಒಬ್ಬ ಯುವಕ ಮೆದುಳುಜ್ವರದಿಂದ ಮಲಗಿದಾಗ ಕಡಲು ಕೆರಳಿ, ವೈದ್ಯರು ಬರಲಾಗದೆ ಅವನು ತೀರಿಕೊಂಡ. ಉಳಿದವರು ತಮ್ಮನ್ನು ಅಲ್ಲಿಂದ ಸಾಗಿಸುವಂತೆ ಸರ್ಕಾರವನ್ನು ಕೇಳಿಕೊಂಡರು. 1953ರಲ್ಲಿ ಕೊನೆಯ ಇಪ್ಪತ್ತೆರಡು ಜನ ದ್ವೀಪ ಬಿಟ್ಟರು.

ಕನ್ನಡಿಗರು ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಐರಿಷ್ ಸಾಹಿತ್ಯ ಪುನರುಜ್ಜೀವನದ ನಡುವೆ ಬೆಳೆದ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ತಮ್ಮನ್ನು ಕಾಣಲು ಬಂದ ಪುಟ್ಟಪ್ಪ ಎಂಬ ವಿದ್ಯಾರ್ಥಿಯ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದವರು ಅವರೇ. ಕುವೆಂಪು ಕನ್ನಡಕ್ಕೆ ಹೊರಳಿದ ಕಥೆ ನಮಗೆಲ್ಲ ಗೊತ್ತು. ಆ ಪ್ರಶ್ನೆಯ ಹಿಂದೆ ಎಂಥ ದೇಶದ ಅನುಭವವಿತ್ತು ಎಂಬುದು ಬ್ಲಾಸ್ಕೆಟ್‌ಗೆ ಮುಖಮಾಡಿ ನಿಂತಾಗ ಇನ್ನಷ್ಟು ಸ್ಪಷ್ಟವಾಗುತ್ತದೆ. 1845ರಲ್ಲಿ ಶುರುವಾದ ಬರಗಾಲ ಐರಿಷ್ ಭಾಷಿಕರ ಸೀಮೆಯನ್ನೇ ಹೆಚ್ಚು ಹಿಂಡಿತ್ತು; ಊರುಗಳ ಜೊತೆ ಮಾತೂ ಖಾಲಿಯಾಗುತ್ತ ಬಂದಿತ್ತು.

ಆ ಬರಗಾಲದ ನೆಲವನ್ನು ಕಾಣಲು ಮೇಯೊ ಜಿಲ್ಲೆಗೆ ಹೋಗಬೇಕು. ಸಂಜೆಯ ಓರೆ ಬಿಸಿಲು ಬಿದ್ದಾಗ ಬೆಟ್ಟದ ಇಳಿಜಾರಿನಲ್ಲಿ ಉದ್ದುದ್ದ ಗೆರೆಗಳು ಏಳುತ್ತವೆ. ನಮ್ಮಲ್ಲಿ ಗೆಣಸಿಗೆ ಏರುಮಡಿ ಮಾಡುವ ಹಾಗೆ ಅವರು ಆಲೂಗಡ್ಡೆಗೆ ಮಾಡಿದ್ದವು. ಕಡಲಿನಿಂದ ಪಾಚಿ ಹೊತ್ತು ತಂದು ನೆಲದ ಮೇಲೆ ಹಾಸಿ, ಬೀಜದ ಗಡ್ಡೆ ಇಟ್ಟು, ಎರಡೂ ಬದಿಯ ಮಣ್ಣನ್ನು ಗುದ್ದಲಿಯಿಂದ ಮಗುಚಿ ಮುಚ್ಚುತ್ತಿದ್ದರು. ಕುರಿಯೂ ಹತ್ತಲು ಹಿಂಜರಿಯುವ ಎತ್ತರದವರೆಗೆ ಈ ಗೆರೆಗಳಿವೆ. ಒಳ್ಳೆಯ ನೆಲವೆಲ್ಲ ಜಮೀನುದಾರರದಾಗಿ, ಬಡವರಿಗೆ ಕಲ್ಲಿಳಿಜಾರೇ ಗತಿಯಾಗಿತ್ತು. 1845ರಲ್ಲಿ ಅಂಗಮಾರಿ ರೋಗ ಬಂದು ಗಡ್ಡೆಗಳು ಕೊಳೆತವು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರಗಳಿಗೆ ಬಲಿಯಾದರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಆ ಅವಧಿಯಲ್ಲೂ ದ್ವೀಪದಿಂದ ಧಾನ್ಯ, ದನ ಹೊರದೇಶಕ್ಕೆ ಹೋಗುತ್ತಿದ್ದವು. 1841ರ ಜನಗಣತಿಯಲ್ಲಿ 80 ಲಕ್ಷ ಮೀರಿದ್ದ ಜನಸಂಖ್ಯೆ 1851ಕ್ಕೆ ಸುಮಾರು 65 ಲಕ್ಷ. ಇಡೀ ದ್ವೀಪ ಇಂದಿಗೂ ಆ ಹಳೆಯ ಮಟ್ಟ ಮುಟ್ಟಿಲ್ಲ.

ಲೂಯಿಸ್‌ಬರ್ಗ್‌ನಿಂದ ಡೂಲಾಕ್ ಸರೋವರದ ಅಂಚಿನಲ್ಲಿ ಹಾದುಹೋಗುವ ರಸ್ತೆಯಲ್ಲಿ ಸರಳವಾದ ಒಂದು ಕಲ್ಲಿನ ಶಿಲುಬೆಯಿದೆ. 1849ರ ಮಾರ್ಚ್ ಕೊನೆಯಲ್ಲಿ ಪರಿಹಾರ ಕೇಳಿ ಲೂಯಿಸ್‌ಬರ್ಗ್‌ನಲ್ಲಿ ಸೇರಿದ್ದ ನೂರಾರು ಹಸಿದ ಜನರಿಗೆ, ಮರುದಿನ ಬೆಳಿಗ್ಗೆ ಡೆಲ್ಫಿಯ ಬಂಗಲೆಗೆ ಬಂದು ಅಧಿಕಾರಿಗಳ ಮುಂದೆ ಹಾಜರಾಗಬೇಕು, ಇಲ್ಲವಾದರೆ ಪರಿಹಾರ ನಿಲ್ಲುತ್ತದೆ ಎಂದು ಅಪ್ಪಣೆಯಾಯಿತು. ಹತ್ತಿರ ಹತ್ತಿರ ಇಪ್ಪತ್ತು ಕಿ.ಮೀ. ದಾರಿ, ರಾತ್ರಿ, ಚಳಿ. ನಡೆದು ತಲುಪಿದವರಿಗೆ ಏನೂ ಸಿಗಲಿಲ್ಲ. ಮರಳುವ ದಾರಿಯಲ್ಲಿ ಸರೋವರದ ಬದಿಯಲ್ಲಿ ಎಷ್ಟೋ ಮಂದಿ ಬಿದ್ದು ಸತ್ತರು. ಸತ್ತವರ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಅಲ್ಲಿನ ಸ್ಮಾರಕದ ಮೇಲೆ, ಸಹಮಾನವರನ್ನು ಹೀನಾಯವಾಗಿ ಕಾಣುವುದರ ಬಗ್ಗೆ ಮಹಾತ್ಮ ಗಾಂಧಿಯವರು ಆಡಿದ ಮಾತೊಂದನ್ನು ಕೆತ್ತಿದ್ದಾರೆ. ಊರಿಲ್ಲದ, ಅಂಗಡಿಯಿಲ್ಲದ ಆ ಕಣಿವೆಯಲ್ಲಿ ಗಾಂಧಿ ಹೆಸರು ಓದುವ ಭಾರತೀಯರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಐರ್ಲೆಂಡ್ ಷೆಂಗೆನ್ ಒಕ್ಕೂಟದಲ್ಲಿಲ್ಲ. ಅದಕ್ಕೆ ಬೇರೆಯೇ ವೀಸಾ. ಜಯಂಟ್ಸ್ ಕಾಸ್‌ವೇಯಂಥ ಉತ್ತರದ ಜಾಗಗಳು ಬ್ರಿಟನ್ನಿಗೆ ಸೇರಿವೆ. ಗಡಿಯಲ್ಲಿ ತಪಾಸಣೆಯ ಗೇಟು ಕಾಣುವುದಿಲ್ಲವಾದರೂ ಕಾನೂನಿನ ಪ್ರಕಾರ ಅಲ್ಲಿಗೂ ಅನುಮತಿ ಇರಬೇಕು. ಎರಡು ದೇಶಗಳಿಗೂ ಒಂದೇ ವೀಸಾ ಸಾಲುವ ವ್ಯವಸ್ಥೆ ಭಾರತೀಯರಿಗಿದೆ, ಅರ್ಜಿ ಹಾಕುವಾಗಲೇ ವಿಚಾರಿಸಿ. ಮೇ ತಿಂಗಳಲ್ಲಿ ಹೂವು, ಸೆಪ್ಟೆಂಬರ್‌ನಲ್ಲಿ ಜನ ಕಡಿಮೆ. ಮಳೆ ಯಾವಾಗ ಬೇಕಾದರೂ ಬರುತ್ತದೆ, ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಮಳೆಯಂಗಿಯೇ ಇರಲಿ. ಸಸ್ಯಾಹಾರಿಗಳು ಪಬ್‌ನಲ್ಲಿ ತರಕಾರಿ ಸೂಪು, ಕಂದು ಸೋಡಾ ಬ್ರೆಡ್ಡು ಕೇಳಬಹುದು. ಚೌಡರ್ ಎಂದರೆ ಸಾಮಾನ್ಯವಾಗಿ ಮೀನು. ಸ್ಕೆಲಿಗ್ ಮೈಕೆಲ್ ದ್ವೀಪದ ಮಠಕ್ಕೆ ದಿನಕ್ಕೆ 180 ಜನರಿಗಷ್ಟೇ ಪ್ರವೇಶ, ಕಡಲು ಕೆರಳಿದರೆ ದೋಣಿ ಹೊರಡುವುದಿಲ್ಲ. ಅದನ್ನು ಖಂಡಿತ ತೋರಿಸುತ್ತೇವೆ ಎನ್ನುವ ಮಾತನ್ನು ನಂಬಬೇಡಿ.

ಹಣ ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ದಿನಕ್ಕೆ ಎಷ್ಟು ಗಂಟೆ ಬಸ್ಸಿನಲ್ಲಿ, ಎಷ್ಟು ಗಂಟೆ ನೆಲದ ಮೇಲೆ? ಒಂದೇ ಊರಿನಲ್ಲಿ ಎರಡು ರಾತ್ರಿ ಉಳಿಯುವುದುಂಟೋ? ಡಬ್ಲಿನ್‌ನಿಂದ ಹೊರಟು ಮೋಹರ್ ನೋಡಿ ರಾತ್ರಿಗೇ ಮರಳುವ ಪ್ರವಾಸಗಳು ಬೇಕಾದಷ್ಟಿವೆ. ಅವುಗಳಲ್ಲಿ ದಿನದ ಹೆಚ್ಚಿನ ಭಾಗ ಹೆದ್ದಾರಿಯಲ್ಲೇ ಕಳೆಯುತ್ತದೆ. ಕ್ಲೇರ್, ಕೆರ್ರಿ, ಮೇಯೊ ಮೂರಕ್ಕೂ ರಜೆ ಸಾಲದಿದ್ದರೆ ಒಂದನ್ನೇ ಆರಿಸಿಕೊಳ್ಳಿ.