ಅಯಸ್ಕಾಂತವೂ ದನಗಳ ಮೇವೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರು ತಮ್ಮ ದನಗಳಿಗೆ ಬತ್ತದ ಹುಲ್ಲು, ತವುಡು, ಹಿಂಡಿಗಳನ್ನು ಹಾಕುವುದು ವಾಡಿಕೆ. ದನವು ಮೇವನ್ನು ಚೆನ್ನಾಗಿ ಅಗಿಯದೆ ನುಂಗುವುದರಿಂದ, ಅದರೊಡನೆ ಸೇರಿದ ಮೊಳೆ, ತಂತಿಯ ಚೂರುಗಳೂ ಹೊಟ್ಟೆಗೆ ಹೋಗುವುವು. ಈ ಕೇಡನ್ನು ತಡೆಯಲು ಅಯಸ್ಕಾಂತವು ಹೇಗೆ ಸಹಾಯಕವೆಂಬುದನ್ನು ಇಲ್ಲಿ ತಿಳಿಸಿದೆ.

೧. ಕಾಂತದ ಗುಣಗಳು.— ಅಯಸ್ಕಾಂತವನ್ನು ಸೂಜಿಗಲ್ಲೆಂದೂ ಕರೆಯುವರು. ಕಪಿಲಾ ನದಿಯ ಮರಳಿನಲ್ಲಿ ಇದನ್ನು ಎಳೆದರೆ ಕಬ್ಬಿಣದ ಅಂಶವುಳ್ಳ ಕರಿಯ ಕಣಗಳು ಅಂಟಿಕೊಳ್ಳುವುವು. ಇದು ಕಬ್ಬಿಣವನ್ನೂ ಉಕ್ಕನ್ನೂ ಸೆಳೆಯುವುದು. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗಳನ್ನು ಸೆಳೆಯದು. ಪ್ರತಿಯೊಂದು ಕಾಂತಕ್ಕೂ ಉತ್ತರ, ದಕ್ಷಿಣವೆಂಬ ಎರಡು ಧ್ರುವಗಳುಂಟು. ಸಜಾತಿ ಧ್ರುವಗಳು ಒಂದನ್ನೊಂದು ದೂಡುವುವು; ವಿಜಾತಿ ಧ್ರುವಗಳು ಸೆಳೆಯುವುವು. ಕಾಂತವನ್ನು ಮುರಿದರೆ ಪ್ರತಿಯೊಂದು ತುಂಡಿಗೂ ಪುನಃ ಎರಡು ಧ್ರುವಗಳಿರುವುವು. ಕೆಂಪಗೆ ಕಾಯಿಸಿದರೆ ಅದರ ಶಕ್ತಿಯು ನಾಶವಾಗುವುದು.

೨. ಕಾಂತಕ್ಷೇತ್ರ.— ಕಾಂತದ ಮೇಲೆ ಕಾಗದವನ್ನಿಟ್ಟು ಕಬ್ಬಿಣದ ಅರಪುಡಿಯನ್ನು ಉದುರಿಸಿ ಮೆಲ್ಲಗೆ ತಟ್ಟಿದರೆ, ಪುಡಿಯು ಧ್ರುವದಿಂದ ಧ್ರುವಕ್ಕೆ ಬಾಗಿದ ಗೆರೆಗಳಾಗಿ ನಿಲ್ಲುವುದು. ಕಾಂತದ ಪ್ರಭಾವವಿರುವ ಈ ಎಡೆಯೇ ಕಾಂತಕ್ಷೇತ್ರವು. ಭೂಮಿಯೇ ಒಂದು ದೊಡ್ಡ ಕಾಂತವೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟನು ೧೬೦೦ರಲ್ಲಿ ಪ್ರಕಟಿಸಿದನು. ದಿಕ್ಸೂಚಿಯ ಮುಳ್ಳು ಉತ್ತರ ದಕ್ಷಿಣವಾಗಿ ನಿಲ್ಲುವುದು ಇದರಿಂದಲೇ. ದೂರ ಹೋದಂತೆ ಕ್ಷೇತ್ರದ ಬಲವು ಬಹು ಬೇಗ ಕುಗ್ಗುವುದು. ಆದಕಾರಣ ರಾಶಿಯ ಮೇಲೆ ಕಾಂತವನ್ನು ಆಡಿಸಿದರೆ ಪ್ರಯೋಜನವಿಲ್ಲ. ತವುಡನ್ನು ತೆಳುವಾಗಿ ಹರಡಿ, ಕಾಂತವು ಅದಕ್ಕೆ ಸೋಕುವಂತೆ ಎಳೆಯಬೇಕು.

೩. ರೋಗದ ಲಕ್ಷಣಗಳು.— ನುಂಗಿದ ತಂತಿಯು ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆಯನ್ನು ಚುಚ್ಚಿ, ಮುಂದಿರುವ ಹೃದಯದವರೆಗೂ ಹೋಗಬಹುದು. ಆಗ ದನವು ಮೇವು ಬಿಡುವುದು, ಹಾಲು ಒಮ್ಮೆಗೇ ಕಡಮೆಯಾಗುವುದು, ಬೆನ್ನು ಬಾಗುವುದು, ಇಳಿಜಾರಿನಲ್ಲಿ ನಡೆಯಲು ನರಳುವುದು. ಕೂಡಲೆ ಪಶುವೈದ್ಯರಿಗೆ ತಿಳಿಸತಕ್ಕದ್ದು.

೪. ಹೊಟ್ಟೆಯೊಳಗಿನ ಕಾಂತ.— ಪಶುವೈದ್ಯರು ನುಣುಪಾದ, ಬೆರಳಿನಂತಹ ಕಾಂತವನ್ನು ದನಕ್ಕೆ ನುಂಗಿಸುವುದುಂಟು. ಅದು ಎರಡನೆಯ ಹೊಟ್ಟೆಯಲ್ಲಿಯೇ ಉಳಿದು ಕಬ್ಬಿಣದ ಚೂರುಗಳನ್ನು ಹಿಡಿದಿಡುವುದು. ಎಡ ಮುಂಗಾಲಿನ ಮೊಣಕೈಯ ಹಿಂದೆ ದಿಕ್ಸೂಚಿಯನ್ನು ಹಿಡಿದಾಗ ಮುಳ್ಳು ತಿರುಗಿದರೆ, ಕಾಂತವು ಒಳಗಿದೆಯೆಂದು ತಿಳಿಯಬಹುದು. ಆದರೆ ಗೋಡೆಯನ್ನು ದಾಟಿಹೋದ ತಂತಿಯನ್ನು ಕಾಂತವು ಹಿಂದಕ್ಕೆಳೆಯಲಾರದು. ಕೈಗೆ ಸಿಕ್ಕಿದ ಕಾಂತವನ್ನು ರೈತರು ತಾವೇ ನುಂಗಿಸಕೂಡದು.

ಕೊಟ್ಟಿಗೆಯ ಬಳಿ ಗಾಡಿ, ಬೇಲಿಗಳ ದುರಸ್ತಿಯಾದ ಮೇಲೆ ನೆಲವನ್ನು ಕಾಂತದಿಂದ ಶೋಧಿಸಿ, ಬಿದ್ದ ಮೊಳೆಗಳನ್ನು ಆಯ್ದು ತೆಗೆಯುವುದು ಎಲ್ಲಕ್ಕಿಂತ ಸುಲಭವಾದ ಉಪಾಯ.