ಕಡತಗಳಲ್ಲಿ ಪದಶೋಧನೆಯೂ ಕೂಟಗಲ್ಲಿನ ರೈತನೂ

ರಾಮನಗರ ತಾಲ್ಲೂಕಿನ ಹೋಬಳಿಗಳಲ್ಲಿ ಕೂಟಗಲ್ ಒಂದು. ಅಲ್ಲಿಯ ರೈತನೊಬ್ಬನು, ಭೂಸ್ವಾಧೀನದ ಅಧಿಸೂಚನೆಯೊಂದು ಹೊರಟಿದೆಯೆಂಬ ಸುದ್ದಿಯನ್ನು ಸಂತೆಯಲ್ಲಿ ಕೇಳಿ ಬಂದನೆಂದು ಭಾವಿಸೋಣ. ಮನೆಗೆ ಬಂದವನೇ ಮಗಳ ಓದಿಗೆಂದು ಕೊಂಡ ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಳ್ಳುತ್ತಾನೆ. ಸರ್ಕಾರದ ಜಾಲತಾಣದಲ್ಲಿ ಆ ಕಡತ ದೊರೆಯುತ್ತದೆ. ಪುಟಗಳು ಇನ್ನೂರಕ್ಕೆ ಮೇಲ್ಪಟ್ಟು. ಅಷ್ಟನ್ನೂ ಓದುವ ವ್ಯವಧಾನವಿಲ್ಲದೆ, ಹುಡುಕುವ ಸ್ಥಳದಲ್ಲಿ ತನ್ನ ಊರಿನ ಹೆಸರನ್ನು ಬರೆಯುತ್ತಾನೆ. ಯಂತ್ರವು ಸೊನ್ನೆಯನ್ನು ತೋರಿಸುತ್ತದೆ. ಊರಿನ ಹೆಸರೇ ಇಲ್ಲವೆಂದ ಮೇಲೆ ಚಿಂತೆಯೇಕೆಂದು ಅವನು ನಿಶ್ಚಿಂತನಾಗುತ್ತಾನೆ. ಆದರೆ ಅವನ ಸರ್ವೆ ನಂಬರು ಆ ಕಡತದ ನಡುವಿನ ಯಾವುದೋ ಒಂದು ಪುಟದಲ್ಲಿ ಇದ್ದೇ ಇದೆ. 2013ರ ಭೂಸ್ವಾಧೀನ ಕಾಯಿದೆಯ 15ನೆಯ ಪ್ರಕರಣದಂತೆ ಆಕ್ಷೇಪಣೆಯನ್ನು ಸಲ್ಲಿಸಲು 60 ದಿನಗಳ ಅವಕಾಶವುಂಟು. ಆ ದಿನಗಳು ಅವನ ನಿಶ್ಚಿಂತೆಯಲ್ಲಿಯೇ ಕಳೆದುಹೋಗುತ್ತವೆ.

ಪಂಚಾಯಿತಿ ಕಚೇರಿಯಲ್ಲಿ ನೋಟೀಸನ್ನು ಅಂಟಿಸಬೇಕೆಂದೂ ವೃತ್ತಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದೂ ಕಾಯಿದೆಯು ವಿಧಿಸಿರುವುದು ನಿಜ. ಆದರೂ ಈಗಿನ ಕಾಲದಲ್ಲಿ ಜನರು ಗೋಡೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಗಾಜಿನ ಪರದೆಯನ್ನು ನೋಡುತ್ತಾರೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದಕಾರಣ, ಪರದೆಯ ಮೇಲೆ ಹುಡುಕಿದ ಪದವು ಸಿಕ್ಕುವುದೂ ಸಿಕ್ಕದಿರುವುದೂ ಕೇವಲ ಯಂತ್ರಜ್ಞರ ವಿಚಾರವಾಗಿ ಉಳಿದಿಲ್ಲ.

ಪದವನ್ನು ಹುಡುಕುವುದು ವಿದ್ಯಾವಂತರಿಗೆ ಹೊಸ ಕೆಲಸವೇನೂ ಅಲ್ಲ. ಅಮರಕೋಶವು ಅಕಾರಾದಿಯಾಗಿಲ್ಲ, ಸ್ವರ್ಗವರ್ಗ, ವನೌಷಧಿವರ್ಗ ಎಂದು ವಿಷಯಾನುಸಾರವಾಗಿದೆ. ಅದರಲ್ಲಿ ಒಂದು ಪದವನ್ನು ಹುಡುಕಬೇಕಾದರೆ ಇಡೀ ಗ್ರಂಥವು ಕಂಠಸ್ಥವಾಗಿರಬೇಕಾಗಿತ್ತು. ಪಾಠಶಾಲೆಯಲ್ಲಿ ಅದನ್ನು ಉರುಹೊಡೆದ ನಮ್ಮಂಥವರ ನಾಲಗೆಯೇ ಆಗ ಶೋಧಕಯಂತ್ರ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ಲರ ನಿಘಂಟು ಅಕಾರಾದಿಯ ಕ್ರಮವನ್ನು ಹಿಡಿದು ಕನ್ನಡಿಗರ ಶ್ರಮವನ್ನು ಬಹಳವಾಗಿ ಕಡಮೆ ಮಾಡಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಮಹಾನಿಘಂಟಿಗಾಗಿ ವಿದ್ವಾಂಸರು ಕಾವ್ಯಶಾಸನಗಳನ್ನು ಓದಿ ಒಂದೊಂದು ಪ್ರಯೋಗವನ್ನೂ ಚೀಟಿಗಳಲ್ಲಿ ಬರೆದಿಟ್ಟು ದಶಕಗಳ ಕಾಲ ದುಡಿದರು. ಇಂದು ವಚನ ಸಂಚಯವೆಂಬ ಜಾಲತಾಣದಲ್ಲಿ ಒಂದು ಪದವನ್ನು ಬರೆದರೆ ಅದು ಯಾವ ಯಾವ ಶರಣರ ಯಾವ ಯಾವ ವಚನದಲ್ಲಿ ಬಂದಿದೆಯೆಂಬುದು ಕ್ಷಣದಲ್ಲಿ ಕಣ್ಣ ಮುಂದೆ ನಿಲ್ಲುತ್ತದೆ. ಹನ್ನೆರಡನೆಯ ಶತಮಾನದ ಪದವು ಕ್ಷಣದಲ್ಲಿ ಸಿಕ್ಕುತ್ತದೆ; ಕಳೆದ ತಿಂಗಳಿನ ಸರ್ಕಾರಿ ಆಜ್ಞೆಯಲ್ಲಿರುವ ಪದವು ಸಿಕ್ಕುವುದಿಲ್ಲ! ಇದೇಕೆಂಬುದನ್ನು ವಿಚಾರಿಸಬೇಕು.

ಮೊದಲು ಉಪಕರಣದ ಮಾತು. ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನ ಕ್ರೋಮ್ ಬ್ರೌಸರಿನಲ್ಲಿ ಮೂಲೆಯಲ್ಲಿರುವ ಮೂರು ಚುಕ್ಕೆಗಳನ್ನು ಒತ್ತಿದರೆ ಬರುವ ಪಟ್ಟಿಯಲ್ಲಿ 'ಫೈಂಡ್ ಇನ್ ಪೇಜ್' ಎಂಬ ಸಾಲಿದೆ. ಐಪ್ಯಾಡಿನ ಸಫಾರಿಯಲ್ಲಿ, ವಿಳಾಸವನ್ನು ಬರೆಯುವ ಸ್ಥಳದಲ್ಲಿಯೇ ಬೇಕಾದ ಪದವನ್ನು ಬರೆದು, ಕೆಳಗೆ ತೋರುವ ಸೂಚನೆಗಳ ಕಡೆಯಲ್ಲಿ 'ಆನ್ ದಿಸ್ ಪೇಜ್' ಎಂಬುದನ್ನು ಆರಿಸಿದರೂ ಆಯಿತು. ಪಿಡಿಎಫ್ ಕಡತವನ್ನು ಓದುವ ತಂತ್ರಾಂಶಗಳಲ್ಲಿ ಭೂತಗನ್ನಡಿಯ ಗುರುತು ಇರುತ್ತದೆ. ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಿಕೊಂಡಿರುವವರು ಕಂಟ್ರೋಲ್ ಅಥವಾ ಕಮಾಂಡ್ ಕೀಲಿಯೊಡನೆ ಎಫ್ ಅಕ್ಷರವನ್ನು ಒತ್ತಿದರೆ ಸಾಕು. ಸಿಕ್ಕಿದ ಪದಕ್ಕೆ ಬಣ್ಣ ಬಳಿಯಲ್ಪಡುತ್ತದೆ. ಎಷ್ಟು ಕಡೆ ಸಿಕ್ಕಿತೆಂಬ ಸಂಖ್ಯೆಯೂ ಕಾಣುತ್ತದೆ. ಉದ್ದವಾದ ಕೆಲವು ಜಾಲಪುಟಗಳು ನಾವು ಕೆಳಗೆ ಎಳೆದಂತೆಲ್ಲ ಸ್ವಲ್ಪ ಸ್ವಲ್ಪವಾಗಿ ಬರುವಂಥವು. ಪುಟವು ಪೂರ್ತಿ ಬರುವುದಕ್ಕೆ ಮುಂಚೆ ಹುಡುಕಿದರೆ, ಬಂದಿರುವಷ್ಟರಲ್ಲಿ ಮಾತ್ರವೇ ಶೋಧನೆ ನಡೆಯುತ್ತದೆ. ಆದುದರಿಂದ ಕಡೆಯವರೆಗೆ ಎಳೆದು ಅನಂತರ ಹುಡುಕುವುದು ಒಳ್ಳೆಯದು.

ಇಷ್ಟನ್ನೂ ಸರಿಯಾಗಿ ಮಾಡಿದವನಿಗೂ ಸೊನ್ನೆಯೇ ದೊರೆತರೆ ದೋಷವು ಬಹುಮಟ್ಟಿಗೆ ಕಡತದಲ್ಲಿರುತ್ತದೆ. ಕಣ್ಣಿಗೆ ಕನ್ನಡವಾಗಿ ಕಾಣುವುದೆಲ್ಲವೂ ಯಂತ್ರಕ್ಕೆ ಕನ್ನಡವಲ್ಲ. ಕಚೇರಿಯಲ್ಲಿ ಮುದ್ರಿಸಿ, ಸಹಿ ಹಾಕಿ, ಮೊಹರೊತ್ತಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಿದ ಕಡತವು ಬರಿಯ ಛಾಯಾಚಿತ್ರ. ಗೋಡೆಗೆ ತೂಗುಹಾಕಿದ ಪಟದಲ್ಲಿರುವ ಮಾವಿನ ಹಣ್ಣನ್ನು ಕೊಯ್ಯಲಾಗದಂತೆ ಆ ಚಿತ್ರದಲ್ಲಿರುವ ಪದವನ್ನು ಯಂತ್ರವು ಹಿಡಿಯಲಾರದು.

ಇದಕ್ಕಿಂತಲೂ ವಿಚಿತ್ರವಾದುದು ಎರಡನೆಯ ಬಗೆ. ಇಪ್ಪತ್ತನೆಯ ಶತಮಾನದ ಕಡೆಯ ವರ್ಷಗಳಲ್ಲಿ ಕನ್ನಡವನ್ನು ಗಣಕಯಂತ್ರಕ್ಕೆ ತಂದ ಶ್ರೀಲಿಪಿ, ಬರಹ, ತರುವಾಯ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಉಪಕಾರವನ್ನು ಕನ್ನಡಿಗರು ಮರೆಯಲಾಗದು. ಇವು ಇಲ್ಲದಿದ್ದರೆ ನಮ್ಮ ಕಚೇರಿಗಳ ಗಣಕಯಂತ್ರಗಳಲ್ಲಿ ಇಂಗ್ಲಿಷು ಇನ್ನಷ್ಟು ಕಾಲ ಅಧಿಪತ್ಯ ನಡೆಸುತ್ತಿತ್ತು. ಆದರೆ ಆ ಕಾಲದ ಏರ್ಪಾಡಿನಲ್ಲಿ ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಲಾಗಿತ್ತು. ಮೇಲೆ ಕನ್ನಡದ ವೇಷ, ಒಳಗೆ ಐರೋಪ್ಯ ಅಕ್ಷರಗಳ ಸಾಲು. ಆ ಅಕ್ಷರರೂಪವಿಲ್ಲದ ಟ್ಯಾಬ್ಲೆಟ್ಟಿನಲ್ಲಿ ಕಡತವನ್ನು ತೆರೆದರೆ ವೇಷವು ಕಳಚಿ, ಯಾರಿಗೂ ಅರ್ಥವಾಗದ ಚಿಹ್ನೆಗಳ ಜಾತ್ರೆ ಕಾಣುತ್ತದೆ. ಅಕ್ಷರರೂಪವು ಕಡತದೊಳಗೇ ಅಡಕವಾಗಿದ್ದರೆ ಓದುವುದಕ್ಕೆ ಅಡ್ಡಿಯಿಲ್ಲ. ಹುಡುಕಿದರೆ ಮಾತ್ರ ಸೊನ್ನೆ. ಅಚ್ಚಕನ್ನಡದ ಪದವನ್ನು ಕೊಟ್ಟು ಐರೋಪ್ಯ ಅಕ್ಷರಗಳ ರಾಶಿಯಲ್ಲಿ ಹುಡುಕಿಸಿದರೆ ಯಂತ್ರವಾದರೂ ಏನು ಮಾಡೀತು?

ಈ ತೊಂದರೆಗೆ ಪರಿಹಾರವು ಬಹಳ ಹಿಂದೆಯೇ ದೊರೆತಿದೆ. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸ್ಥಾನಗಳನ್ನು ಕೊಡುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿಯು 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯು ಸಂದಿತು. ಬರಹವೂ ನುಡಿಯೂ ಅನಂತರದ ಆವೃತ್ತಿಗಳಲ್ಲಿ ಇದನ್ನು ಅಳವಡಿಸಿಕೊಂಡವು. ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಹೀಗಿದ್ದೂ ಹಳೆಯ ಅಭ್ಯಾಸವನ್ನು ಬಿಡದ ಮೇಜುಗಳು ಇನ್ನೂ ಇವೆ. ಗುಮಾಸ್ತರಿಗೆ ಕೈಬಂದ ಕೀಲಿಮಣೆಯ ಮೇಲಿನ ಮೋಹವೇ ಇದಕ್ಕೆ ಕಾರಣವೆಂದು ಕೇಳಿದ್ದೇವೆ. ಮೋಹವು ಸಹಜವೇ. ಕೀಲಿಗಳ ವಿನ್ಯಾಸವನ್ನು ಬದಲಿಸದೆಯೇ ಯೂನಿಕೋಡಿನಲ್ಲಿ ಬರೆಯಬಹುದೆಂಬುದನ್ನು ಅವರಿಗೆ ತಿಳಿಸುವವರು ಬೇಕು, ಅಷ್ಟೆ.

ಇನ್ನು ಯೂನಿಕೋಡಿನಲ್ಲಿಯೇ ಇರುವ ಕಡತದಲ್ಲಿಯೂ ಕನ್ನಡದ ಪದವು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲವೆಂಬುದು ಇಂಗ್ಲಿಷಿನವರಿಗೆ ತಿಳಿಯದ ಕಷ್ಟ. ನಮ್ಮ ಭಾಷೆಯಲ್ಲಿ ನಾಮಪದವು ವಿಭಕ್ತಿಪ್ರತ್ಯಯವನ್ನು ಮೈಗೆ ಅಂಟಿಸಿಕೊಂಡು ರೂಪವನ್ನೇ ಬದಲಿಸುತ್ತದೆ. 'ಊರು' ಎಂದು ಹುಡುಕಿದವನಿಗೆ 'ಊರಿನ', 'ಊರಲ್ಲಿ' ಎಂಬುವು ಸಿಕ್ಕುವುದಿಲ್ಲ. ಕಡೆಯ ಉಕಾರವು ಸಂಧಿಯಲ್ಲಿ ಲೋಪವಾಗಿರುತ್ತದೆ. ಕೂಟಗಲ್ಲಿನದೂ ಇದೇ ಕಥೆ. ಒಬ್ಬ ಗುಮಾಸ್ತನು 'ಕೂಟಗಲ್' ಎನ್ನುತ್ತಾನೆ, ಮತ್ತೊಬ್ಬನು 'ಕೂಟಗಲ್ಲು' ಎನ್ನುತ್ತಾನೆ, ಮೂರನೆಯವನು 'ಕೂಟಗಲಿನ' ಎಂದು ಷಷ್ಠಿಗೆ ಇಳಿಯುತ್ತಾನೆ. ಆದಕಾರಣ ಪದದ ಬದಲಾಗದ ಭಾಗವನ್ನು ಮಾತ್ರ, ಎಂದರೆ 'ಕೂಟಗ' ಎಂಬಷ್ಟನ್ನೇ ಬರೆದು ಹುಡುಕುವುದು ಜಾಣತನ. ಆಗ ಎಲ್ಲ ರೂಪಗಳೂ ಬಲೆಗೆ ಬೀಳುತ್ತವೆ. ಅವುಗಳೊಡನೆ ಮೈತ್ರಿಕೂಟಗಳೂ ಕ್ರೀಡಾಕೂಟಗಳೂ ಬೀಳುತ್ತವೆಂಬುದು ಬೇರೆಯ ಮಾತು! ಬಲೆಯಲ್ಲಿ ಕಸ ಬಿದ್ದರೆ ಆರಿಸಿ ತೆಗೆಯಬಹುದು. ಮೀನೇ ಬೀಳದಿದ್ದರೆ ಏನನ್ನು ಆರಿಸುವುದು?

ಕಣ್ಣಿಗೆ ಕಾಣದ ಬೇರೆ ತೊಡಕುಗಳೂ ಉಂಟು. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಟಕ್ಕೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಅವಸರದಲ್ಲಿ ಅಂಕಿಯ ಸೊನ್ನೆಯನ್ನು ಒತ್ತಿ ಬರೆದ 'ಬೆ೦ಗಳೂರು' ನಿಜವಾದ ಬೆಂಗಳೂರನ್ನು ಹುಡುಕುವವನಿಗೆ ಸಿಕ್ಕುವುದಿಲ್ಲ. 'ಕೂಟಗಲ್‌ನಲ್ಲಿ' ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ಲಕಾರ ನಕಾರಗಳ ನಡುವೆ ಅದೃಶ್ಯವಾದ ಒಂದು ಚಿಹ್ನೆಯನ್ನು ಇಡಬೇಕಾಗುತ್ತದೆ. ಕೆಲವು ತಂತ್ರಾಂಶಗಳು ಅದನ್ನು ಲೆಕ್ಕಿಸುತ್ತವೆ, ಕೆಲವು ಉಪೇಕ್ಷಿಸುತ್ತವೆ.

ಹೆಸರುಗಳ ಬದಲಾವಣೆಯು ಇದಕ್ಕಿಂತಲೂ ಹೆಚ್ಚಿನ ಗೋಜು. ಕೂಟಗಲ್ ಅಲುಗಾಡದೆ ಇದ್ದಲ್ಲಿಯೇ ಇದೆ. ಜಿಲ್ಲೆಗಳು ಮಾತ್ರ ಅದರ ಮೇಲೆ ಹಾದುಹೋಗಿವೆ. 1986ರವರೆಗೆ ಅದು ಬೆಂಗಳೂರು ಜಿಲ್ಲೆ. ಅನಂತರ ಬೆಂಗಳೂರು ಗ್ರಾಮಾಂತರ. 2007ರಿಂದ ರಾಮನಗರ ಜಿಲ್ಲೆ. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಸಲು ಸರ್ಕಾರವು ತೀರ್ಮಾನಿಸಿತು. ರಾಮನಗರವೇ ಒಂದು ಕಾಲದಲ್ಲಿ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿತ್ತು. ಭೂಗರ್ಭಶಾಸ್ತ್ರಜ್ಞರು ಅಲ್ಲಿಯ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕನಕಪುರವು ಹಳೆಯ ದಾಖಲೆಗಳಲ್ಲಿ ಕಾನಕಾನಹಳ್ಳಿ. ಅಜ್ಜನ ಕಾಲದ ಪತ್ರವನ್ನು ಹುಡುಕುವವನು ಇಷ್ಟು ಹೆಸರುಗಳನ್ನೂ ಒಂದೊಂದಾಗಿ ಕೊಟ್ಟು ನೋಡಬೇಕು. ಹೆಸರನ್ನು ಬದಲಿಸುವ ಉತ್ಸಾಹದಲ್ಲಿ ಕಾಲುಭಾಗವನ್ನು ಹಳೆಯ ಹೊಸ ಹೆಸರುಗಳ ಒಂದು ಸೂಚಿಯನ್ನು ತಯಾರಿಸುವುದಕ್ಕೆ ವಿನಿಯೋಗಿಸಿದ್ದರೆ ಚೆನ್ನಾಗಿತ್ತು.

ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದ ಕಡತಗಳನ್ನು ಸ್ಕ್ಯಾನ್ ಮಾಡಿಸುವ ಭೂ ಸುರಕ್ಷಾ ಕಾರ್ಯವನ್ನು ಕಂದಾಯ ಇಲಾಖೆಯವರು 2024ರಲ್ಲಿ ಪ್ರಾರಂಭಿಸಿದರು. ಇದು ಶ್ಲಾಘನೀಯವೇ ಸರಿ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ಸಾಧನಗಳೂ ಬಂದಿವೆ. ಸ್ಕ್ಯಾನ್ ಮಾಡಿದ ಕಡತವನ್ನು ಗೂಗಲ್ ಡ್ರೈವಿಗೆ ಏರಿಸಿ ಗೂಗಲ್ ಡಾಕ್ಸಿನಲ್ಲಿ ತೆರೆದರೆ ಅಚ್ಚಿನ ಕನ್ನಡವು ಬಹುಪಾಲು ಪಠ್ಯವಾಗಿ ಬರುತ್ತದೆ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶಕ್ಕೂ ಕನ್ನಡ ಗೊತ್ತು. ಆದರೆ ಮಸುಕಾದ ಪ್ರತಿಯಲ್ಲಿ ಪಕಾರವು ವಕಾರವಾಗಿ, ಅಂಕಿಯು ಅಕ್ಷರವಾಗಿ ಬಿಡುವುದುಂಟು. ಶಾನುಭೋಗರ ಕೈಬರಹದ ಮುಂದಂತೂ ಈ ಯಂತ್ರಗಳು ಕೈಮುಗಿದು ನಿಲ್ಲುತ್ತವೆ. ಹಳೆಯ ಕಾಗದಕ್ಕೆ ಈ ಕ್ಷಮೆ ಸಲ್ಲುತ್ತದೆ. ನಿನ್ನೆ ಗಣಕಯಂತ್ರದಲ್ಲಿಯೇ ಹುಟ್ಟಿದ ಆಜ್ಞೆಯನ್ನು ಕಾಗದಕ್ಕಿಳಿಸಿ, ಅದರ ಚಿತ್ರವನ್ನು ತೆಗೆದು ಪ್ರಕಟಿಸುವುದಕ್ಕೆ ಯಾವ ಕ್ಷಮೆ?

ಬೇಕೆಂದೇ ಚಿತ್ರವಾಗಿಸಿದ ಉದಾಹರಣೆಯೂ ಉಂಟು. ಮತದಾರರ ಪಟ್ಟಿಯನ್ನು ಹುಡುಕಲು ಬರುವ ಪಠ್ಯರೂಪದಲ್ಲಿ ಕೊಡಬೇಕೆಂದು ಕಮಲನಾಥರು ಚುನಾವಣಾ ಆಯೋಗದ ವಿರುದ್ಧ ಹೂಡಿದ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತಳ್ಳಿಹಾಕಿತು. ಬೇಕಾದವರು ತಾವೇ ಅದನ್ನು ಪರಿವರ್ತಿಸಿಕೊಳ್ಳಬಹುದೆಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಮತದಾರರ ಖಾಸಗಿ ವಿವರಗಳು ದುರುಪಯೋಗವಾಗದಿರಲೆಂಬ ಆಯೋಗದ ಕಾರಣವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಪರಿವರ್ತಿಸಿಕೊಳ್ಳುವ ಸಾಮರ್ಥ್ಯವು ದೊಡ್ಡ ಪಕ್ಷಗಳಿಗೂ ಕಂಪನಿಗಳಿಗೂ ಉಂಟೇ ಹೊರತು ತನ್ನ ಕೇರಿಯ ಹೆಸರುಗಳನ್ನು ಪರಿಶೀಲಿಸಬೇಕೆಂಬ ಸಾಮಾನ್ಯ ಮತದಾರನಿಗೆ ಇಲ್ಲ. ಭೂಸ್ವಾಧೀನದ ಅಧಿಸೂಚನೆಗೆ, ವರ್ಗಾವಣೆಯ ಆಜ್ಞೆಗೆ, ಫಲಾನುಭವಿಗಳಿಗಾಗಿ ಹೊರಡಿಸಿದ ನಿಯಮಾವಳಿಗೆ ಗೋಪ್ಯತೆಯ ಈ ಸಮಾಧಾನವೂ ಹೊಂದುವುದಿಲ್ಲ.

ಕಾಯಿದೆಯ ಬಲವು ಪ್ರಜೆಯ ಕಡೆಗೇ ಇದೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು, ದಾಖಲೆಗಳನ್ನು ಸೂಚಿಸಹಿತವಾಗಿ, ಮಾಹಿತಿಯನ್ನು ಪಡೆಯಲು ಅನುಕೂಲವಾಗುವ ರೂಪದಲ್ಲಿ ಇಟ್ಟಿರಬೇಕೆಂದೂ, ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ ವಿಧಿಸುತ್ತದೆ. 1963ರ ರಾಜ್ಯಭಾಷಾ ಅಧಿನಿಯಮದಿಂದ ಕನ್ನಡವೇ ನಮ್ಮ ಆಡಳಿತ ಭಾಷೆ. ಇಂಗ್ಲಿಷ್ ಕಡತದಲ್ಲಿ ಪದವು ಸಿಕ್ಕಿ ಕನ್ನಡ ಕಡತದಲ್ಲಿ ಸಿಕ್ಕದಿದ್ದರೆ, ವಕೀಲರೂ ವ್ಯಾಪಾರಿಗಳೂ ಇಂಗ್ಲಿಷ್ ಪ್ರತಿಯನ್ನೇ ಬಯಸುವರು. ಕನ್ನಡಕ್ಕೆ ಕಚೇರಿಯಲ್ಲಿ ಸಿಂಹಾಸನವನ್ನು ಹಾಕಿಕೊಟ್ಟು, ಕೂಗಿದರೆ ಓಗೊಡಲಾರದಂತೆ ಮಾಡಿದ ಹಾಗಾಯಿತು.

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವು ದೊಡ್ಡದೇನೂ ಅಲ್ಲ. ಯಾವ ಕಡತವನ್ನಾದರೂ ಜಾಲತಾಣಕ್ಕೆ ಏರಿಸುವ ಮೊದಲು, ಅದರಲ್ಲಿರುವ ಯಾವುದಾದರೊಂದು ಗ್ರಾಮದ ಹೆಸರನ್ನು ತಮ್ಮ ಟ್ಯಾಬ್ಲೆಟ್ಟಿನಲ್ಲಿ ತಾವೇ ಹುಡುಕಿ ನೋಡಲಿ. ಅರ್ಧ ನಿಮಿಷದ ಕೆಲಸ. ಸಹಿ ಮೊಹರುಗಳುಳ್ಳ ಪ್ರತಿಯು ಅವಶ್ಯವಾದರೆ ಅದನ್ನೂ ಇಡಲಿ. ಪಕ್ಕದಲ್ಲಿಯೇ ಯೂನಿಕೋಡ್ ಪಠ್ಯದ ಪ್ರತಿಯೊಂದನ್ನು ಇಡಲಿ.

ಅವರು ಇಡುವವರೆಗೆ ಕಾಯಲಾರದವರು, ಗಣಕಯಂತ್ರದಲ್ಲಿರುವ ಮಾಹಿತಿಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಪಡೆಯುವ ಹಕ್ಕನ್ನು ಅದೇ ಕಾಯಿದೆಯ 2ನೆಯ ಪ್ರಕರಣವು ಕೊಟ್ಟಿದೆಯೆಂಬುದನ್ನು ತಿಳಿದಿರಬೇಕು. ಅರ್ಜಿಯಲ್ಲಿ 'ಸ್ಕ್ಯಾನ್ ಪ್ರತಿಯಲ್ಲ, ಮೂಲ ಪಠ್ಯದ ಕಡತವನ್ನೇ ಕೊಡತಕ್ಕದ್ದು' ಎಂದು ಸ್ಪಷ್ಟವಾಗಿ ಬರೆಯಬೇಕು. ಶುಲ್ಕ 10 ರೂಪಾಯಿ. ಉತ್ತರಕ್ಕೆ ಅವಧಿ 30 ದಿನ. ಆಕ್ಷೇಪಣೆಯ 60 ದಿನಗಳು ಓಡುತ್ತಿರುವಾಗ ಅರ್ಧ ಕಾಲವು ಇದರಲ್ಲಿಯೇ ಕಳೆಯುವುದರಿಂದ, ಅರ್ಜಿಯನ್ನು ಕೊಟ್ಟ ದಿನವೇ ಕಡತವನ್ನು ಮೊದಲ ಪುಟದಿಂದ ಕಣ್ಣಿನಿಂದ ಓದಲು ಕುಳಿತುಕೊಳ್ಳುವುದೂ ಅವಶ್ಯ.